ರವೆನ್ನಾವನ್ನು ಯಾವ ಕ್ರಮದಲ್ಲಿ ನೋಡಬೇಕು

ಇಟಲಿಗೆ ಹೋಗುವ ನಮ್ಮವರು ಹೆಚ್ಚಾಗಿ ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ವಾಪಸ್ ಬರುತ್ತಾರೆ. ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಹೋಗುವ ರೈಲು ಬೊಲೊನ್ಯಾ ಮೇಲೆಯೇ ಹೋಗುತ್ತದೆ. ಅಲ್ಲಿ ಇಳಿದು ಪ್ರಾದೇಶಿಕ ರೈಲು ಹಿಡಿದರೆ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ರವೆನ್ನಾ. ಚಿಕ್ಕ ಊರು, ಸಮತಟ್ಟು ನೆಲ, ಎಲ್ಲಿ ನೋಡಿದರೂ ಸೈಕಲ್. ಆದರೆ 5 ಮತ್ತು 6ನೇ ಶತಮಾನದ ಮೊಸಾಯಿಕ್ ಚಿತ್ರಗಳು (ಬಣ್ಣದ ಗಾಜು, ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದವು) ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಚೆನ್ನಾಗಿ ಉಳಿದಿರುವ ಊರು ಯುರೋಪಿನಲ್ಲಿ ಇನ್ನೊಂದಿಲ್ಲ. ಇಲ್ಲಿನ ಎಂಟು ಕಟ್ಟಡಗಳನ್ನು 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ರವೆನ್ನಾಕ್ಕೆ ಬಂದವರು ಸಾಮಾನ್ಯವಾಗಿ ನೇರ ಸಾನ್ ವಿತಾಲೆ ಚರ್ಚ್‌ಗೆ ಹೋಗುತ್ತಾರೆ. ಅದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಪ್ರಸಿದ್ಧ. ಅದನ್ನು ನೋಡಿದ ಮೇಲೆ ಉಳಿದ ಚಿಕ್ಕ ಕಟ್ಟಡಗಳು ಸಪ್ಪೆ ಅನಿಸುತ್ತವೆ. "ಎಲ್ಲಾ ಒಂದೇ ಥರ ಇದೆ" ಅಂತ ಬೇಗ ಮುಗಿಸಿ ರೈಲು ಹತ್ತಿಬಿಡುತ್ತಾರೆ. ಇದು ನಿಜಕ್ಕೂ ನಷ್ಟ. ಈ ಊರಿನ ಗೋಡೆಗಳ ಮೇಲೆ ಒಂದು ಜಗಳದ ಕಥೆ ಇದೆ. ಅದನ್ನು ಮೊದಲಿನಿಂದ ಓದಬೇಕು. ಅದಕ್ಕೇ ಈ ಲೇಖನದಲ್ಲಿ ಏನು ನೋಡಬೇಕು ಅನ್ನುವಷ್ಟೇ ಮುಖ್ಯವಾಗಿ ಯಾವುದನ್ನು ಯಾವುದರ ನಂತರ ನೋಡಬೇಕು ಅನ್ನುವುದನ್ನು ಹೇಳುತ್ತೇನೆ. ಎರಡು ದಿನ ಇಟ್ಟುಕೊಳ್ಳಿ, ಒಂದು ರಾತ್ರಿ ಅಲ್ಲೇ ತಂಗಿ.

ಹೋಗುವ ಮೊದಲು ಇಷ್ಟು ಇತಿಹಾಸ ತಿಳಿದಿರಲಿ

402ರಲ್ಲಿ ರೋಮನ್ ಚಕ್ರವರ್ತಿ ಹೊನೋರಿಯಸ್ ಪಶ್ಚಿಮ ಸಾಮ್ರಾಜ್ಯದ ರಾಜಧಾನಿಯನ್ನು ಮಿಲಾನ್‌ನಿಂದ ರವೆನ್ನಾಕ್ಕೆ ತಂದ. ಸುತ್ತ ಜೌಗು ಪ್ರದೇಶ ಇದ್ದಿದ್ದರಿಂದ ಶತ್ರು ಸೈನ್ಯ ಒಳಗೆ ನುಗ್ಗುವುದು ಕಷ್ಟ. ಪಕ್ಕದಲ್ಲೇ ಕ್ಲಾಸ್ಸೆ ಎಂಬ ಬಂದರು, ಅಗಸ್ಟಸ್ ಕಾಲದಿಂದ ನೌಕಾಪಡೆ ನಿಲ್ಲುತ್ತಿದ್ದ ಜಾಗ. 476ರಲ್ಲಿ ಪಶ್ಚಿಮದ ಸಾಮ್ರಾಜ್ಯ ಮುಗಿಯಿತು. 493ರಲ್ಲಿ ಗಾಥ್ ಜನರ ರಾಜ ಥಿಯೊಡೊರಿಕ್ ಊರನ್ನು ಹಿಡಿದು, 526ರಲ್ಲಿ ಸಾಯುವವರೆಗೆ ಇಲ್ಲಿಂದಲೇ ಆಳಿದ. 540ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟೀನಿಯನ್‌ನ ಸೇನಾಪತಿ ಬೆಲಿಸಾರಿಯಸ್ ಅದನ್ನು ಗಾಥರಿಂದ ಕಿತ್ತುಕೊಂಡ.

ಅಂದರೆ ಮೂರು ಯಜಮಾನಿಕೆ: ರೋಮನ್ನರು, ಗಾಥರು, ಬೈಜಾಂಟಿಯಂನವರು (ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಪೂರ್ವದ ರೋಮನ್ನರು). ಗಾಥರೂ ಕ್ರೈಸ್ತರೇ, ಆದರೆ ಏರಿಯನ್ ಪಂಥದವರು. ಮಗನಾದ ಯೇಸು ತಂದೆಯಾದ ದೇವರಿಗೆ ಸಮಾನನಲ್ಲ, ತಂದೆಯಿಂದ ಸೃಷ್ಟಿಯಾದವನು ಅಂತ ಅವರ ನಂಬಿಕೆ. ಉಳಿದ ಕ್ರೈಸ್ತರಿಗೆ ಇದು ಒಪ್ಪಿಗೆ ಇರಲಿಲ್ಲ. ಥಿಯೊಡೊರಿಕ್ ಕಾಲದಲ್ಲಿ ಎರಡೂ ಪಂಗಡ ಒಂದೇ ಊರಿನಲ್ಲಿ ಬೇರೆ ಬೇರೆ ಚರ್ಚ್ ಇಟ್ಟುಕೊಂಡು ಬದುಕಿದವು. ಜಸ್ಟೀನಿಯನ್ ಕಾಲಕ್ಕೆ ಏರಿಯನ್ನರ ಚರ್ಚ್‌ಗಳು ಇನ್ನೊಂದು ಪಂಗಡದ ಕೈಗೆ ಹೋದವು. ಗೋಡೆಯ ಚಿತ್ರಗಳನ್ನೂ ತಿದ್ದಿದರು. ತಿದ್ದಿದ ಗುರುತು ಈಗಲೂ ಕಾಣುತ್ತದೆ. ಅದನ್ನು ನಿಮ್ಮ ಕಣ್ಣಾರೆ ಹುಡುಕುವುದೇ ಈ ಊರಿನ ದೊಡ್ಡ ಸುಖ.

ವೀಸಾ, ಸಮಯ, ಟಿಕೆಟ್

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ಪ್ರವಾಸಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ತಡ ಮಾಡಬೇಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು.

ಹೋಗಲು ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಸೆಖೆ ಜಾಸ್ತಿ, ಸೊಳ್ಳೆಯೂ ಇರುತ್ತದೆ. ಚಳಿಗಾಲದಲ್ಲಿ ದಟ್ಟ ಮಂಜು. ಚರ್ಚ್‌ಗಳೂ ಬೇಗ ಮುಚ್ಚುತ್ತವೆ. ಆದರೆ ಜನ ಕಡಿಮೆ, ಮೊಸಾಯಿಕ್ ಹೇಗಿದ್ದರೂ ಒಳಗೇ ಇರುತ್ತದೆ, ಚಳಿ ತಡೆಯುವವರಿಗೆ ಅದೂ ಪರವಾಗಿಲ್ಲ.

ಟಿಕೆಟ್ ವಿಷಯಕ್ಕೆ ಗಮನ ಕೊಡಿ. ಎಂಟು ಕಟ್ಟಡಗಳಿಗೆ ಒಂದೇ ಟಿಕೆಟ್ ಇಲ್ಲ. ಐದು ಜಾಗಗಳು ರವೆನ್ನಾ ಧರ್ಮಪ್ರಾಂತ್ಯದ ಕೈಯಲ್ಲಿವೆ: ಸಾನ್ ವಿತಾಲೆ, ಗಾಲಾ ಪ್ಲಾಚಿಡಿಯಾ ಸಮಾಧಿ, ನಿಯೋನಿಯನ್ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಕಟ್ಟಡ), ಸಾಂತ್ ಅಪೊಲಿನಾರೆ ನುವೊವೊ, ಮತ್ತು ಆರ್ಚ್‌ಬಿಷಪ್ಪರ ವಸ್ತುಸಂಗ್ರಹಾಲಯ. ಇವಕ್ಕೆ ಒಂದು ಸೇರಿಕೆ ಟಿಕೆಟ್ ಇದೆ. ಅದು ಏಳು ದಿನ ನಡೆಯುತ್ತದೆ, ಆದರೆ ಒಂದು ಜಾಗಕ್ಕೆ ಒಂದೇ ಸಲ ಪ್ರವೇಶ. ಇವುಗಳಲ್ಲಿ ಗಾಲಾ ಪ್ಲಾಚಿಡಿಯಾ ಮತ್ತು ನಿಯೋನಿಯನ್ ಬ್ಯಾಪ್ಟಿಸ್ಟರಿ ತೀರಾ ಚಿಕ್ಕವು. ಹಾಗಾಗಿ ಸಮಯ ಮೊದಲೇ ಆರಿಸಿ ಕಾಯ್ದಿರಿಸಬೇಕು. ಒಳಗೆ ಐದೇ ನಿಮಿಷ ಬಿಡುತ್ತಾರೆ. ಆನ್‌ಲೈನ್‌ನಲ್ಲಿ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ. ನಿಯೋನಿಯನ್‌ಗೆ ಮೊದಲ ದಿನದ ಬೆಳಿಗ್ಗೆ, ಗಾಲಾ ಪ್ಲಾಚಿಡಿಯಾಕ್ಕೆ ಎರಡನೇ ದಿನದ ಬೆಳಿಗ್ಗೆ ಸಿಗುವ ಮೊದಲ ಸಮಯ ಹಾಕಿ.

ಉಳಿದ ಮೂರು, ಅಂದರೆ ಏರಿಯನ್ ಬ್ಯಾಪ್ಟಿಸ್ಟರಿ, ಥಿಯೊಡೊರಿಕ್ ಸಮಾಧಿ, ಕ್ಲಾಸ್ಸೆಯ ಸಾಂತ್ ಅಪೊಲಿನಾರೆ, ಇವಕ್ಕೆ ಬೇರೆ ಟಿಕೆಟ್. ದರ ಮತ್ತು ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಚೀಲದಲ್ಲಿ ಒಂದು ಚಿಕ್ಕ ಬೈನಾಕ್ಯುಲರ್ ಇರಲಿ. ಮೊಬೈಲ್ ಕ್ಯಾಮೆರಾದ ಜೂಮ್ ಇದಕ್ಕೆ ಸಾಲದು. ಚಿತ್ರಗಳು ಎತ್ತರದಲ್ಲಿವೆ, ಒಂದೊಂದು ಹರಳಿನ ಬಣ್ಣ ಕಾಣಬೇಕಾದರೆ ಇದು ಬೇಕೇ ಬೇಕು. ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಇವು ಚರ್ಚ್‌ಗಳು. ಫೋಟೊ ತೆಗೆಯಬಹುದು, ಫ್ಲಾಶ್ ಮಾತ್ರ ಬೇಡ.

ಬೊಲೊನ್ಯಾದಲ್ಲಿ ಕಾಗದದ ರೈಲು ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ. ರವೆನ್ನಾ ನಿಲ್ದಾಣದಿಂದ ಊರಿನ ನಡುವಿನ ಪಿಯಾಝಾ ದೆಲ್ ಪೊಪೊಲೊ ಚೌಕಕ್ಕೆ ನಡಿಗೆಯಲ್ಲಿ ಹತ್ತು ನಿಮಿಷ. ಊರೊಳಗೆ ಬಸ್ಸೂ ಬೇಡ, ಟ್ಯಾಕ್ಸಿಯೂ ಬೇಡ.

ಮೊದಲ ದಿನ ಬೆಳಿಗ್ಗೆ: ನಿಯೋನಿಯನ್ ಬ್ಯಾಪ್ಟಿಸ್ಟರಿ

ಹೊರಗಿನಿಂದ ಎಂಟು ಮೂಲೆಯ ಇಟ್ಟಿಗೆ ಕಟ್ಟಡ, ಅಷ್ಟೇ. ಥಿಯೊಡೊರಿಕ್ ಸಮಾಧಿ ಬಿಟ್ಟರೆ ಇಲ್ಲಿ ಹೇಳುವ ಹಳೆಯ ಕಟ್ಟಡಗಳೆಲ್ಲ ಹೊರಗಿನಿಂದ ಹೀಗೇ, ಬರೀ ಇಟ್ಟಿಗೆ. ಹೊರಗೆ ನಿಂತು ಫೋಟೊಗೆ ಸಮಯ ಕೊಡಬೇಡಿ.

5ನೇ ಶತಮಾನದ ಆರಂಭದ ಹೊತ್ತಿಗೆ ಕಟ್ಟಿದ್ದ ಈ ಕಟ್ಟಡಕ್ಕೆ ಬಿಷಪ್ ನಿಯೋನ್ ಅದೇ ಶತಮಾನದ ಉತ್ತರಾರ್ಧದಲ್ಲಿ ಮೊಸಾಯಿಕ್ ಹಾಕಿಸಿದ. ಇಲ್ಲಿ ಕ್ರೈಸ್ತರಾಗುವವರಿಗೆ ನೀರಲ್ಲಿ ಇಳಿಸಿ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ನೀವು ನಿಲ್ಲುವ ನೆಲ ಮೂಲ ನೆಲಕ್ಕಿಂತ ಸುಮಾರು 3 ಮೀಟರ್ ಮೇಲಿದೆ. ರವೆನ್ನಾದ ಭೂಮಿ ಕುಸಿಯುತ್ತಲೇ ಬಂದಿದೆ, ಅಂತರ್ಜಲ ಮೇಲೇರುತ್ತಲೇ ಬಂದಿದೆ, ಜನ ನೆಲ ಎತ್ತರಿಸುತ್ತಲೇ ಬಂದಿದ್ದಾರೆ. ಹಾಗಾಗಿ ಮೊದಲಿನವರಿಗಿಂತ ನೀವು ಗುಮ್ಮಟಕ್ಕೆ ಹತ್ತಿರ ನಿಂತಿರುತ್ತೀರಿ.

ಐದು ನಿಮಿಷವನ್ನು ಹೀಗೆ ಬಳಸಿ. ಮೊದಲ ನಿಮಿಷ ಏನನ್ನೂ ಹುಡುಕದೆ ಸುಮ್ನೆ ತಲೆ ಎತ್ತಿ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ಗುಮ್ಮಟದ ನಡುವಿನ ವೃತ್ತ ನೋಡಿ. ಯೊರ್ದಾನ್ ನದಿಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತ ಯೇಸು, ಪಕ್ಕದಲ್ಲಿ ಅವನಿಗೆ ದೀಕ್ಷಾಸ್ನಾನ ಮಾಡಿಸುವ ಸ್ನಾನಿಕ ಯೋಹಾನ. ನೀರು ಪಾರದರ್ಶಕ, ಒಳಗಿನ ಕಾಲು ಕಾಣುತ್ತದೆ. ಗಾಜಿನ ಚೂರುಗಳಲ್ಲಿ ಇದನ್ನು ಮಾಡಿದ್ದಾರೆ ಅನ್ನುವುದು ನೆನಪಿರಲಿ. ಇನ್ನೊಂದು ಬದಿಯಲ್ಲಿ ನೀರಿನಿಂದ ಎದ್ದ ಮುದುಕ, ಅವನೇ ಯೊರ್ದಾನ್ ನದಿ. ನದಿಯನ್ನು ವ್ಯಕ್ತಿಯಾಗಿ ತೋರಿಸುವುದು ಹಳೆಯ ರೋಮನ್ ರೂಢಿ, ಅದು ಇಲ್ಲಿಗೂ ಬಂದಿದೆ. ಯೇಸುವಿನ ತಲೆ ಮತ್ತು ಸುತ್ತಲಿನ ಒಂದಷ್ಟು ಭಾಗ 19ನೇ ಶತಮಾನದ ದುರಸ್ತಿ. ಸುತ್ತ ಹನ್ನೆರಡು ಅಪೊಸ್ತಲರು (ಯೇಸುವಿನ ಸಂದೇಶ ಸಾರಿದವರು) ಗಾಢ ನೀಲಿಯ ಮೇಲೆ ನಡೆಯುತ್ತಿದ್ದಾರೆ. ಒಬ್ಬೊಬ್ಬನ ಮುಖವೂ ಬೇರೆ.

ಈ ವೃತ್ತದ ಚಿತ್ರವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇನ್ನೆರಡು ಗಂಟೆಯಲ್ಲಿ ಇದೇ ದೃಶ್ಯ ಮತ್ತೆ ಬರುತ್ತದೆ.

ಪಕ್ಕದಲ್ಲೇ ಆರ್ಚ್‌ಬಿಷಪ್ಪರ ವಸ್ತುಸಂಗ್ರಹಾಲಯ. ಜನ ಇದನ್ನು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಒಳಗೆ ಸಂತ ಆಂದ್ರೆಯ ಹೆಸರಿನ ಪುಟ್ಟ ಪ್ರಾರ್ಥನಾ ಕೋಣೆ ಇದೆ. ಥಿಯೊಡೊರಿಕ್ ಆಳುತ್ತಿದ್ದ ಕಾಲದಲ್ಲೇ ಏರಿಯನ್ ಅಲ್ಲದ ಬಿಷಪ್ಪರು ತಮಗಾಗಿ ಕಟ್ಟಿಸಿಕೊಂಡದ್ದು. ಬಾಗಿಲ ಮೇಲೆ ಯೇಸು ರೋಮನ್ ಸೈನಿಕನ ಉಡುಪಿನಲ್ಲಿ ಸಿಂಹ ಮತ್ತು ಹಾವನ್ನು ತುಳಿದು ನಿಂತಿದ್ದಾನೆ. ಇನ್ನೊಂದು ಪಂಗಡದ ರಾಜ ಆಳುವಾಗ ಇಂಥ ಚಿತ್ರ ಬರೆಸಿದ್ದಾರೆ ಅಂದರೆ ಅದರ ಅರ್ಥ ಊಹಿಸಬಹುದು, ಅಲ್ವಾ? ಮುಂಗೋಣೆಯ ಚಾವಣಿ ತುಂಬಾ ಹಕ್ಕಿಗಳು. ಮಕ್ಕಳು ಜೊತೆಗಿದ್ದರೆ ಇಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಇದೇ ಸಂಗ್ರಹದಲ್ಲಿ ಬಿಷಪ್ ಮ್ಯಾಕ್ಸಿಮಿಯನ್‌ನ ದಂತದ ಸಿಂಹಾಸನ ಇದೆ, 6ನೇ ಶತಮಾನದ್ದು. ಈ ಹೆಸರು ನಾಳೆ ಬೇಕಾಗುತ್ತದೆ.

ಮಧ್ಯಾಹ್ನಕ್ಕೆ ಮೊದಲು: ಏರಿಯನ್ ಬ್ಯಾಪ್ಟಿಸ್ಟರಿ

ಚೌಕ ದಾಟಿ ನಿಲ್ದಾಣದ ಕಡೆ ಸ್ವಲ್ಪ ನಡೆದರೆ ಒಂದು ಸಣ್ಣ ಓಣಿಯ ತುದಿಯಲ್ಲಿ ಇದು ಸಿಗುತ್ತದೆ. ಥಿಯೊಡೊರಿಕ್ ಕಾಲದಲ್ಲಿ ಗಾಥರಿಗಾಗಿ ಕಟ್ಟಿದ್ದು. ಗೋಡೆಗಳು ಬೋಳು. ಉಳಿದಿರುವುದು ಗುಮ್ಮಟದ ಚಿತ್ರ ಮಾತ್ರ.

ಮತ್ತೆ ಅದೇ ದೃಶ್ಯ. ಅದೇ ನದಿ, ಅದೇ ಯೋಹಾನ, ಅದೇ ಮುದುಕ ಯೊರ್ದಾನ್. ಈಗ ವ್ಯತ್ಯಾಸ ಹುಡುಕಿ. ಇಲ್ಲಿ ಯೇಸು ಗಡ್ಡವಿಲ್ಲದ ಹುಡುಗ. ಯೊರ್ದಾನ್ ದೊಡ್ಡದಾಗಿ, ಯೇಸುವಿನಷ್ಟೇ ಜಾಗ ಹಿಡಿದು ಕುಳಿತಿದ್ದಾನೆ. ಅವನ ತಲೆಯ ಮೇಲೆ ಏಡಿಯ ಕೊಂಬುಗಳಿವೆ. ಸುತ್ತಲಿನ ಅಪೊಸ್ತಲರ ಹಿನ್ನೆಲೆ ನೀಲಿ ಅಲ್ಲ, ಚಿನ್ನದ ಬಣ್ಣ. ಅಪೊಸ್ತಲರು ಪೇತ್ರ ಮತ್ತು ಪೌಲರ ಹಿಂದೆ ಒಂದು ಖಾಲಿ ಸಿಂಹಾಸನದ ಕಡೆ ನಡೆಯುತ್ತಾರೆ, ಅದರ ಮೇಲೆ ಶಿಲುಬೆ ಇದೆ. ಎಳೆಯ ಯೇಸುವಿನಲ್ಲಿ ಏರಿಯನ್ನರ ನಂಬಿಕೆಯೇ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಆದರೆ ಗಡ್ಡವಿಲ್ಲದ ಯೇಸು ಆ ಕಾಲದ ಬೇರೆ ಚರ್ಚ್‌ಗಳಲ್ಲೂ ಇದ್ದಾನೆ, ನಾಳೆ ಸಾನ್ ವಿತಾಲೆಯಲ್ಲೂ ಕಾಣುತ್ತಾನೆ. ನನಗೆ ವ್ಯತ್ಯಾಸಕ್ಕಿಂತ ಹೋಲಿಕೆಯೇ ದೊಡ್ಡದಾಗಿ ಕಾಣುತ್ತದೆ. ದೇವರ ಸ್ವರೂಪದ ಬಗ್ಗೆ ಒಬ್ಬರನ್ನೊಬ್ಬರು ಒಪ್ಪದ ಎರಡು ಪಂಗಡಗಳು ಹತ್ತು ನಿಮಿಷದ ನಡಿಗೆಯ ಅಂತರದಲ್ಲಿ ಒಂದೇ ಚಿತ್ರವನ್ನು ತಲೆಯ ಮೇಲೆ ಬರೆಸಿಕೊಂಡವು. ಇವೆರಡನ್ನೂ ಒಂದೇ ಬೆಳಿಗ್ಗೆ ನೋಡಿ ಅಂತ ಹಟ ಹಿಡಿಯುವುದು ಇದಕ್ಕೇ.

ಊಟ

ಮಧ್ಯಾಹ್ನ ಎರಡೂವರೆ ಮೇಲೆ ಹೋದರೆ ಹೆಚ್ಚಿನ ಹೋಟೆಲ್‌ಗಳ ಅಡುಗೆಮನೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು ಸಂಜೆ ಏಳರ ಸುಮಾರಿಗೆ. ಈ ಸೀಮೆಯ ತಿಂಡಿ ಪಿಯಾದೀನಾ. ನಮ್ಮ ಚಪಾತಿಗಿಂತ ದಪ್ಪ, ಹೆಂಚಿನ ಮೇಲೆ ಸುಟ್ಟು, ಒಳಗೆ ಏನಾದರೂ ಇಟ್ಟು ಮಡಚಿ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ಸಾಂಪ್ರದಾಯಿಕ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ, ಅದರ ಹೆಸರು ಸ್ತ್ರುತ್ತೊ. ಒಳಗೆ ಬರೀ ಚೀಸ್ ಇದ್ದರೂ ರೊಟ್ಟಿಯಲ್ಲೇ ಅದು ಸೇರಿರುತ್ತದೆ. "ಸೆನ್‌ಝಾ ಸ್ತ್ರುತ್ತೊ?" ಅಂತ ಕೇಳಿ. ಆಲಿವ್ ಎಣ್ಣೆಯಲ್ಲಿ ಮಾಡಿದ್ದು ತುಂಬಾ ಅಂಗಡಿಗಳಲ್ಲಿ ಸಿಗುತ್ತದೆ, ಅದಕ್ಕೆ "ಅಲ್ಲೊಲಿಯೊ" ಅನ್ನುತ್ತಾರೆ. ಸ್ಕ್ವಾಕ್ವೆರೋನೆ ಎಂಬ ಮೆತ್ತಗಿನ ಹುಳಿ ಚೀಸ್ ಮತ್ತು ರುಕೋಲಾ ಸೊಪ್ಪು ಹಾಕಿದ ಪಿಯಾದೀನಾ ನಮ್ಮ ನಾಲಿಗೆಗೆ ಚೆನ್ನಾಗಿ ಹೊಂದುತ್ತದೆ. ಸೊಪ್ಪು ತುಂಬಿ ಅಂಚು ಮುಚ್ಚಿ ಬೇಯಿಸಿದ್ದಕ್ಕೆ ಕಸ್ಸೋನೆ ಅಥವಾ ಕ್ರೆಷ್ಯೋನೆ ಅಂತ ಹೆಸರು. ಅದೂ ಹೊಟ್ಟೆ ತುಂಬಿಸುತ್ತದೆ. ಕಪ್ಪೆಲೆತ್ತಿ ಎಂಬ ಪಾಸ್ತಾವನ್ನು ಮಾಂಸದ ಸಾರಿನಲ್ಲಿ ಕೊಡುವುದು ರೂಢಿ, ಕೇಳದೆ ಹೇಳಬೇಡಿ. ಕೂತು ತಿನ್ನುವ ಹೋಟೆಲ್‌ನಲ್ಲಿ ಬಿಲ್‌ಗೆ ತಲೆಗೆ ಇಷ್ಟು ಅಂತ ಕೊಪೆರ್ತೊ ಸೇರಿಸುತ್ತಾರೆ. ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ.

ಮೊದಲ ದಿನ ಮಧ್ಯಾಹ್ನ: ಸಾಂತ್ ಅಪೊಲಿನಾರೆ ನುವೊವೊ

ಇಲ್ಲಿಗೆ ಕನಿಷ್ಠ ಒಂದು ಗಂಟೆ ಕೊಡಿ. ಎರಡು ದಿನದಲ್ಲಿ ಒಂದೇ ಕಟ್ಟಡವನ್ನು ನಿಧಾನವಾಗಿ ನೋಡುವುದಾದರೆ ಅದು ಇದೇ ಆಗಲಿ.

6ನೇ ಶತಮಾನದ ಆರಂಭದಲ್ಲಿ ಥಿಯೊಡೊರಿಕ್ ತನ್ನ ಅರಮನೆಯ ಚರ್ಚ್ ಆಗಿ ಇದನ್ನು ಕಟ್ಟಿಸಿದ. ಉದ್ದನೆಯ ಹಜಾರ, ಎರಡೂ ಕಡೆ ಕಂಬಗಳ ಸಾಲು, ಕಂಬಗಳ ಮೇಲಿನ ಗೋಡೆ ಪೂರ್ತಿ ಮೊಸಾಯಿಕ್. ಒಳಗೆ ಹೋದವರಿಗೆ ಎಡಗಡೆ 22 ಕನ್ಯೆಯರ ಮೆರವಣಿಗೆ, ಬಲಗಡೆ 26 ಹುತಾತ್ಮ ಪುರುಷರದ್ದು. ಎಲ್ಲರ ತಲೆಯ ಮೇಲೂ ಹೆಸರು ಬರೆದಿದೆ. ಸಂತ ಆಗ್ನೆಸ್‌ಳ ಕಾಲ ಬಳಿ ಒಂದು ಕುರಿಮರಿ ಇದೆ, ಹುಡುಕಿ. ಕನ್ಯೆಯರು ಕ್ಲಾಸ್ಸೆ ಬಂದರಿನಿಂದ ಹೊರಟು ಯೇಸುವಿನ ತಾಯಿ ಮರಿಯಳ ಕಡೆ ಹೋಗುತ್ತಾರೆ. ಅವರ ಮುಂದೆ, ಯೇಸು ಹುಟ್ಟಿದಾಗ ನೋಡಲು ಬಂದ ಮೂವರು ಜ್ಞಾನಿಗಳು ಬಣ್ಣಬಣ್ಣದ ಚಲ್ಲಣ ತೊಟ್ಟು ಕಾಣಿಕೆ ಹಿಡಿದು ಓಡುವ ಭಂಗಿಯಲ್ಲಿದ್ದಾರೆ. ಪುರುಷರು ಅರಮನೆಯಿಂದ ಹೊರಟು ಯೇಸುವಿನ ಕಡೆ ನಡೆಯುತ್ತಾರೆ.

ಆ ಅರಮನೆಯ ಮುಂದೆ ನಿಂತು ಬೈನಾಕ್ಯುಲರ್ ತೆಗೆಯಿರಿ. ಬಲಗೋಡೆಯಲ್ಲಿ ಬಾಗಿಲಿಗೆ ಹತ್ತಿರದ ತುದಿ. ಚಿನ್ನದ ಹಿನ್ನೆಲೆಯ ಮೇಲೆ "ಪಲಾತಿಯುಂ" ಎಂಬ ಬರಹ. ಕಮಾನುಗಳಲ್ಲಿ ಬಿಳಿ ಪರದೆಗಳು ತೂಗುತ್ತಿವೆ. ಈಗ ಬಿಳಿ ಕಂಬಗಳನ್ನು ಒಂದೊಂದಾಗಿ ನೋಡಿ. ಕೆಲವು ಕಂಬಗಳ ಮೇಲೆ ಒಂದು ಕೈ ಕಾಣುತ್ತದೆ. ಬರೀ ಕೈ, ಅದರ ಹಿಂದೆ ಮನುಷ್ಯ ಇಲ್ಲ.

ಮೊದಲು ಅಲ್ಲಿ ಜನ ಇದ್ದರು. ಥಿಯೊಡೊರಿಕ್ ಆಸ್ಥಾನದವರು, ಬಹುಶಃ ನಡುವೆ ರಾಜನೂ. ಗಾಥರು ಸೋತ ಮೇಲೆ, 6ನೇ ಶತಮಾನದ ಉತ್ತರಾರ್ಧದಲ್ಲಿ ಬಿಷಪ್ ಆಗ್ನೆಲ್ಲಸ್ ಕಾಲದಲ್ಲಿ ಆ ಆಕೃತಿಗಳನ್ನು ಕಿತ್ತು ಪರದೆ ತುಂಬಿಸಿದರು. ಕಮಾನಿನೊಳಗಿನ ಮೈ ಹೋಯಿತು. ಕಂಬದ ಮೇಲೆ ಚಾಚಿದ್ದ ಕೈಗಳನ್ನು ತೆಗೆಯಬೇಕಾದರೆ ಕಂಬವನ್ನೇ ಹೊಸದಾಗಿ ಮಾಡಬೇಕಿತ್ತು. ಅವು ಉಳಿದವು. ಬೆಳಿಗ್ಗೆ ಎರಡು ಬ್ಯಾಪ್ಟಿಸ್ಟರಿ ನೋಡಿ ಬಂದವರಿಗೆ ಈ ಕೈಗಳು ಏನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಮೇಲಿನ ಸಾಲಿನಲ್ಲಿ, ಚಾವಣಿಯ ಹತ್ತಿರ, ಯೇಸುವಿನ ಬದುಕಿನ 26 ಚಿಕ್ಕ ದೃಶ್ಯಗಳಿವೆ. ಇವು ಥಿಯೊಡೊರಿಕ್ ಕಾಲದವು, ಆಗ್ನೆಲ್ಲಸ್ ಕಾಲದಲ್ಲಿ ಇವನ್ನು ತಿದ್ದಲಿಲ್ಲ. ಎಡಗಡೆಯ ಯೇಸುವಿಗೆ ಗಡ್ಡ ಇಲ್ಲ, ಬಲಗಡೆಯ ಯೇಸುವಿಗೆ ಇದೆ. ಕೊನೆಯ ಭೋಜನದ ದೃಶ್ಯದಲ್ಲಿ ಎಲ್ಲರೂ ರೋಮನ್ನರ ಹಾಗೆ ಒರಗಿಕೊಂಡಿದ್ದಾರೆ, ಮೇಜಿನ ಮೇಲೆ ಮೀನು. ಶಿಲುಬೆಗೇರಿಸುವ ದೃಶ್ಯ ಮಾತ್ರ ಎಲ್ಲೂ ಇಲ್ಲ.

ಸಂಜೆ: ದಾಂತೆ

ಫ್ಲಾರೆನ್ಸ್‌ನಿಂದ 1302ರಲ್ಲಿ ಗಡಿಪಾರಾದ ಕವಿ ದಾಂತೆ ಕೊನೆಯ ವರ್ಷಗಳನ್ನು ಕಳೆದದ್ದು ರವೆನ್ನಾದಲ್ಲಿ, 1321ರ ಸೆಪ್ಟೆಂಬರ್‌ನಲ್ಲಿ ಸತ್ತದ್ದೂ ಇಲ್ಲೇ. ಸಮಾಧಿ ಚಿಕ್ಕ ಗುಡಿಯಂಥ ಕಟ್ಟಡ, 1780ರ ಸುಮಾರಿಗೆ ಕಟ್ಟಿದ್ದು, ಪ್ರವೇಶ ಉಚಿತ. ಒಳಗೆ ಉರಿಯುವ ದೀಪಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಎಣ್ಣೆ ಕೊಡುವುದು ಫ್ಲಾರೆನ್ಸ್ ನಗರ.

ಫ್ಲಾರೆನ್ಸ್ ತನ್ನ ಕವಿಯ ಮೂಳೆಗಳನ್ನು ವಾಪಸ್ ಕೇಳುತ್ತಲೇ ಇತ್ತು. 1519ರಲ್ಲಿ ಪೋಪ್ ಹತ್ತನೇ ಲಿಯೊ ಒಪ್ಪಿಗೆ ಕೊಟ್ಟ. ಅವನೂ ಫ್ಲಾರೆನ್ಸ್‌ನ ಮೆದಿಚಿ ಮನೆತನದವನೇ. ತೆಗೆದುಕೊಂಡು ಹೋಗಲು ಬಂದವರಿಗೆ ಪೆಟ್ಟಿಗೆ ಖಾಲಿ ಸಿಕ್ಕಿತು. ಪಕ್ಕದ ಫ್ರಾನ್ಸಿಸ್ಕನ್ ಮಠದವರು ಮೂಳೆಗಳನ್ನು ಬಚ್ಚಿಟ್ಟಿದ್ದರು. ಅವು ಮತ್ತೆ ಕಣ್ಣಿಗೆ ಬಿದ್ದದ್ದು 1865ರಲ್ಲಿ, ಗೋಡೆ ಕೆಲಸ ಮಾಡುವಾಗ. ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚ್‌ನಲ್ಲಿ ನೀವು ನೋಡುವ ದಾಂತೆ ಸಮಾಧಿಯ ಒಳಗೆ ಯಾರೂ ಇಲ್ಲ.

ಹಾಗೇ ಪಕ್ಕದ ಸಾನ್ ಫ್ರಾಂಚೆಸ್ಕೊ ಚರ್ಚ್‌ಗೆ ಹೋಗಿ, ಬಲಿಪೀಠದ ಕೆಳಗಿನ ಕಿಂಡಿಯಲ್ಲಿ ಬಗ್ಗಿ ನೋಡಿ. ಒಂದು ಯೂರೊ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ನೆಲಮಾಳಿಗೆ ಪೂರ್ತಿ ನೀರು. ನೀರಿನ ತಳದಲ್ಲಿ ಹಳೆಯ ಮೊಸಾಯಿಕ್ ನೆಲ, ಅದರ ಮೇಲೆ ಮೀನುಗಳು ಈಜುತ್ತಿರುತ್ತವೆ. ಬೆಳಿಗ್ಗೆ ಹೇಳಿದ ಅಂತರ್ಜಲ ಇದೇ.

ಎರಡನೇ ದಿನ ಬೆಳಿಗ್ಗೆ: ಗಾಲಾ ಪ್ಲಾಚಿಡಿಯಾ, ಆಮೇಲೆ ಸಾನ್ ವಿತಾಲೆ

ಎರಡೂ ಒಂದೇ ಆವರಣದಲ್ಲಿವೆ. ಮೊದಲು ಚಿಕ್ಕದಕ್ಕೆ ಹೋಗಿ.

ಗಾಲಾ ಪ್ಲಾಚಿಡಿಯಾ ಚಕ್ರವರ್ತಿ ಹೊನೋರಿಯಸ್‌ನ ಮಲತಂಗಿ. 410ರಲ್ಲಿ ರೋಮ್ ಸೂರೆಯಾದ ಕಾಲದಲ್ಲಿ ಗಾಥರಿಗೆ ಸೆರೆಸಿಕ್ಕಳು, ಅವರ ರಾಜನನ್ನೇ ಮದುವೆಯಾದಳು, ಮುಂದೆ ತನ್ನ ಎಳೆಯ ಮಗನ ಪರವಾಗಿ ರವೆನ್ನಾದಿಂದ ಸಾಮ್ರಾಜ್ಯ ನಡೆಸಿದಳು. 450ರಲ್ಲಿ ರೋಮ್‌ನಲ್ಲಿ ಸತ್ತಳು. ಬಹುಶಃ ಅಲ್ಲೇ ಮಣ್ಣಾದಳು. ಸಮಾಧಿ ಅಂತ ಹೆಸರಿದ್ದರೂ ಇಲ್ಲಿ ಅವಳಿಲ್ಲ.

ಒಳಗೆ ಹೋದಾಗ ಮೊದಲು ಏನೂ ಕಾಣುವುದಿಲ್ಲ. ಕಿಟಕಿಗೆ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಕಲ್ಲಿನ ಹಲಗೆ ಇದೆ, ಬೆಳಕು ಜೇನಿನ ಬಣ್ಣದಲ್ಲಿ ಸ್ವಲ್ಪವೇ ಸೋರುತ್ತದೆ. ಗಾಬರಿಯಾಗಿ ಮೊಬೈಲ್ ಬೆಳಕು ಹಾಕಬೇಡಿ. ಅರ್ಧ ನಿಮಿಷ ತಾಳಿ. ನೀಲಿ ನಿಧಾನವಾಗಿ ಬರುತ್ತದೆ. ಆ ಗಾಢ ನೀಲಿಯ ಮೇಲೆ ನೂರಾರು ಚಿನ್ನದ ನಕ್ಷತ್ರಗಳು, ನಡುವೆ ಒಂದು ಶಿಲುಬೆ. ಬಾಗಿಲ ಮೇಲೆ ಕುರಿಗಳ ನಡುವೆ ಕೂತ ಯೇಸು, ಎದುರು ಗೋಡೆಯಲ್ಲಿ ಬೆಂಕಿ ಉರಿಯುವ ಕಬ್ಬಿಣದ ಜಾಲರಿಯ ಬಳಿ ಸಂತ ಲಾರೆನ್ಸ್. ಅಡ್ಡ ತೋಳುಗಳಲ್ಲಿ ನೀರು ಕುಡಿಯಲು ಬಂದ ಜಿಂಕೆಗಳು. ಒಂದೇ ಜಾಗದಲ್ಲಿ ನಿಲ್ಲದೆ ಎರಡು ಹೆಜ್ಜೆ ಆಚೀಚೆ ಹೋಗಿ. ಚಿನ್ನದ ಹರಳುಗಳು ಮಿಂಚಿ ಆರುತ್ತವೆ. ಕಾರಣ ಇದೆ. ತೆಳು ಚಿನ್ನದ ಹಾಳೆಯನ್ನು ಎರಡು ಗಾಜಿನ ಪದರದ ನಡುವೆ ಇಟ್ಟು ಹರಳು ಮಾಡುತ್ತಿದ್ದರು. ಹಸಿ ಗಾರೆಗೆ ಕೈಯಿಂದ ಒತ್ತುವಾಗ ಪ್ರತಿ ಹರಳೂ ಸ್ವಲ್ಪ ಬೇರೆ ಕೋನದಲ್ಲಿ ಕೂರುತ್ತದೆ. ಗೋಡೆ ನುಣುಪಾಗಿಲ್ಲ, ಹಾಗಾಗಿಯೇ ಬೆಳಕು ಅದರ ಮೇಲೆ ಓಡಾಡುತ್ತದೆ.

ಈಗ ಸಾನ್ ವಿತಾಲೆ. ಕೆಲಸ ಶುರುವಾದದ್ದು ಗಾಥರ ಕಾಲದಲ್ಲಿ, 526ರ ಆಸುಪಾಸು. ಮುಗಿದು ಪ್ರತಿಷ್ಠೆಯಾದದ್ದು ಜಸ್ಟೀನಿಯನ್ ಕಾಲದಲ್ಲಿ, 547ರ ಸುಮಾರಿಗೆ. ಹಣ ಕೊಟ್ಟವನು ಜೂಲಿಯಸ್ ಅರ್ಜೆಂಟಾರಿಯಸ್ ಎಂಬ ಲೇವಾದೇವಿಗಾರ. ಎಂಟು ಮೂಲೆಯ ಕಟ್ಟಡ. ಮುಂದೆ ಫ್ರಾಂಕ್ ಜನರ ರಾಜ ಶಾರ್ಲಮೇನ್ ಈಗಿನ ಜರ್ಮನಿಯ ಆಖೆನ್‌ನಲ್ಲಿ ತನ್ನ ಅರಮನೆಯ ಚರ್ಚ್ ಕಟ್ಟಿಸುವಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡ. ನಡುಗುಮ್ಮಟದಲ್ಲಿ ಕಾಣುವ ಬಣ್ಣದ ಚಿತ್ರಗಳು 18ನೇ ಶತಮಾನದವು. ಅಲ್ಲಿ ಕಣ್ಣು ನಿಲ್ಲಿಸಬೇಡಿ, ನೇರ ಬಲಿಪೀಠದ ಕಡೆ ನಡೆಯಿರಿ. ಬೆಳಿಗ್ಗೆ ಆ ಕಡೆಯ ಕಿಟಕಿಗಳಿಂದ ಬೆಳಕು ಬರುತ್ತದೆ.

ಅರ್ಧಗುಮ್ಮಟದಲ್ಲಿ ನೀಲಿ ಗೋಳದ ಮೇಲೆ ಕೂತ ಎಳೆಯ ಯೇಸು, ಅವನ ಒಂದು ಕಡೆ ಚರ್ಚ್‌ನ ಪುಟ್ಟ ಮಾದರಿ ಹಿಡಿದ ಬಿಷಪ್ ಎಕ್ಲೇಸಿಯಸ್. ಕೆಳಗೆ ಎಡಗೋಡೆಯಲ್ಲಿ ಜಸ್ಟೀನಿಯನ್ ಚಿನ್ನದ ತಟ್ಟೆ ಹಿಡಿದು ಪರಿವಾರದೊಂದಿಗೆ ನಿಂತಿದ್ದಾನೆ. ಎದುರು ಬಲಗೋಡೆಯಲ್ಲಿ ಅವನ ರಾಣಿ ಥಿಯೊಡೋರಾ, ಕೈಯಲ್ಲಿ ಪಾನಪಾತ್ರೆ. ಅವಳ ಉಡುಪಿನ ಅಂಚಿನಲ್ಲಿ ಮೂವರು ಜ್ಞಾನಿಗಳ ಚಿತ್ರ ನೇಯ್ದಿದೆ, ನಿನ್ನೆ ಗೋಡೆಯ ಮೇಲೆ ನೋಡಿದವರೇ. ರಾಜನ ಗುಂಪಿನಲ್ಲಿ ಒಬ್ಬನ ತಲೆಯ ಮೇಲೆ ಮಾತ್ರ ಹೆಸರು ಬರೆದಿದೆ: ಮ್ಯಾಕ್ಸಿಮಿಯಾನುಸ್. ದಂತದ ಸಿಂಹಾಸನದ ಬಿಷಪ್ ಇವನೇ. ಚಕ್ರವರ್ತಿಗೆ ಇಲ್ಲದ ಹೆಸರು ಬಿಷಪ್‌ಗೆ ಇದೆ.

ಜಸ್ಟೀನಿಯನ್ ಆಗಲಿ ಥಿಯೊಡೋರಾ ಆಗಲಿ ರವೆನ್ನಾಕ್ಕೆ ಒಮ್ಮೆಯೂ ಬರಲಿಲ್ಲ. ಈ ಎರಡು ಚಿತ್ರಗಳು ಇಲ್ಲಿ ಈಗ ಯಾರ ಆಡಳಿತ ಅಂತ ಊರಿಗೆ ಸಾರಿದ ಫಲಕಗಳು. ನಿನ್ನೆ ಅರಮನೆಯ ಕಂಬಗಳಲ್ಲಿ ಕಂಡ ಕೈಗಳನ್ನು ನೆನಪಿಸಿಕೊಂಡು ಈ ಮುಖಗಳನ್ನು ನೋಡಿ. ಒಂದು ಕಡೆ ಇದ್ದವರನ್ನು ಅಳಿಸಿದರು, ಇನ್ನೊಂದು ಕಡೆ ಬಾರದವರನ್ನು ಬರೆದರು. ಸಾನ್ ವಿತಾಲೆಯನ್ನು ಮೊದಲೇ ನೋಡಿದ್ದರೆ ಇದು ಒಳ್ಳೆಯ ಚಿತ್ರ ಅಂತ ಮಾತ್ರ ಅನಿಸುತ್ತಿತ್ತು.

ಹೊರಡುವ ಮೊದಲು ಬಲಿಪೀಠದ ಮುಂದಿನ ನೆಲದಲ್ಲಿ ಕಲ್ಲಿನ ಚಕ್ರವ್ಯೂಹ ಇದೆ, ಮಕ್ಕಳಿಗೆ ತೋರಿಸಿ.

ಹತ್ತಿರದ ಸಾಂತಾ ಯುಫೇಮಿಯಾ ಚರ್ಚ್ ಒಳಗಿಂದ ಇಳಿದರೆ ನೆಲದಡಿ ಸುಮಾರು 3 ಮೀಟರ್ ಆಳದಲ್ಲಿ ಒಂದು ಬೈಜಾಂಟೈನ್ ಮನೆಯ 14 ಕೋಣೆಗಳ ಮೊಸಾಯಿಕ್ ನೆಲ ಇದೆ. 1993ರ ಸುಮಾರಿಗೆ ಸಿಕ್ಕಿದ್ದು. ಸಮಯ ಇದ್ದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಡೆಯುತ್ತದೆ.

ಎರಡನೇ ದಿನ ಮಧ್ಯಾಹ್ನ: ಕ್ಲಾಸ್ಸೆ, ಆಮೇಲೆ ಥಿಯೊಡೊರಿಕ್

ಕ್ಲಾಸ್ಸೆ ಊರಿನಿಂದ ಐದಾರು ಕಿಲೋಮೀಟರ್ ದಕ್ಷಿಣಕ್ಕಿದೆ. ನಿಲ್ದಾಣದ ಮುಂದಿನಿಂದ 4ನೇ ನಂಬರ್ ಬಸ್ ಹೋಗುತ್ತದೆ. ರಿಮಿನಿ ಕಡೆಯ ರೈಲಿನಲ್ಲಿ ಒಂದೇ ನಿಲ್ದಾಣ, ಇಳಿದು ಸ್ವಲ್ಪ ನಡೆಯಬೇಕು. ರೈಲುಗಳ ನಡುವೆ ಅಂತರ ಜಾಸ್ತಿ, ಬಸ್ಸೇ ಅನುಕೂಲ. ಬಸ್ ಟಿಕೆಟ್ ತಂಬಾಕು ಅಂಗಡಿಯಲ್ಲಿ ಮೊದಲೇ ಕೊಂಡುಕೊಳ್ಳಿ.

ಹಿಂದೆ ಹಡಗು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹೊಲ. ಸಮುದ್ರ ಹಲವು ಕಿಲೋಮೀಟರ್ ಹಿಂದೆ ಸರಿದಿದೆ. ಹೊಲಗಳ ನಡುವೆ ಸಾಂತ್ ಅಪೊಲಿನಾರೆ ಒಂಟಿಯಾಗಿ ನಿಂತಿದೆ. 549ರಲ್ಲಿ ಪ್ರತಿಷ್ಠೆ ಮಾಡಿದವನು ಅದೇ ಮ್ಯಾಕ್ಸಿಮಿಯನ್, ಹಣ ಕೊಟ್ಟವನು ಅದೇ ಜೂಲಿಯಸ್. ಆದರೆ ಇಲ್ಲಿ ರಾಜಕಾರಣ ಕಡಿಮೆ. ಅರ್ಧಗುಮ್ಮಟ ತುಂಬಾ ಹಸಿರು ಹುಲ್ಲುಗಾವಲು, ಹೂವು, ಮರ, ಹಕ್ಕಿ. ಕೈ ಎತ್ತಿ ಪ್ರಾರ್ಥಿಸುವ ಸಂತ ಅಪೊಲಿನಾರಿಸ್, ಎರಡೂ ಕಡೆ ಆರಾರು ಕುರಿಗಳು. ಮೇಲೆ ನೀಲಿ ವೃತ್ತದಲ್ಲಿ ರತ್ನಖಚಿತ ಶಿಲುಬೆ, ಸುತ್ತ 99 ನಕ್ಷತ್ರ. ಶಿಲುಬೆಯ ನಡುವೆ ಯೇಸುವಿನ ಪುಟ್ಟ ಮುಖ ಇದೆ, ಬೈನಾಕ್ಯುಲರ್ ಇಲ್ಲದೆ ಕಾಣುವುದು ಕಷ್ಟ. ಎರಡು ದಿನ ಚಿನ್ನ ನೋಡಿದ ಕಣ್ಣಿಗೆ ಈ ಹಸಿರು ತುಂಬಾ ಹಿತ. ಸಾಲಿನಲ್ಲಿ ಕೂತು ಬೇಕಾದಷ್ಟು ಹೊತ್ತು ನೋಡಬಹುದು, ಐದು ನಿಮಿಷದ ಗಡಿ ಇಲ್ಲ.

ಥಿಯೊಡೊರಿಕ್ ಸಮಾಧಿ ರೈಲು ನಿಲ್ದಾಣದ ಹಿಂಬದಿ, ಇಪ್ಪತ್ತು ನಿಮಿಷದ ನಡಿಗೆ. ಮೊಸಾಯಿಕ್ ಇಲ್ಲ, ಇಟ್ಟಿಗೆಯೂ ಇಲ್ಲ. ಏಡ್ರಿಯಾಟಿಕ್ ಸಮುದ್ರದ ಆಚೆಯ ಇಸ್ಟ್ರಿಯಾದಿಂದ ತಂದ ಬಿಳಿ ಕಲ್ಲು. ಚಾವಣಿ 10 ಮೀಟರ್‌ಗಿಂತ ಅಗಲದ ಒಂದೇ ಕಲ್ಲು, ತೂಕ 200 ಟನ್‌ಗಿಂತ ಹೆಚ್ಚು. ಅದನ್ನು ಹೇಗೆ ಮೇಲೇರಿಸಿದರು ಅಂತ ಈಗಲೂ ಚರ್ಚೆ ಇದೆ. ಒಳಗೆ ಕೆಂಪು ಕಲ್ಲಿನ ಖಾಲಿ ತೊಟ್ಟಿ ಮಾತ್ರ. ಅರ್ಧ ಗಂಟೆ ಸಾಕು.

ಒಂದೇ ದಿನ ಇದ್ದರೆ

ಕ್ಲಾಸ್ಸೆ, ಥಿಯೊಡೊರಿಕ್ ಸಮಾಧಿ, ವಸ್ತುಸಂಗ್ರಹಾಲಯ ಮೂರನ್ನೂ ಬಿಡಿ. ಬ್ಯಾಪ್ಟಿಸ್ಟರಿಗಳಲ್ಲಿ ಒಂದನ್ನು ಬಿಡುವ ಆಸೆಯಾಗುತ್ತದೆ, ಬಿಡಬೇಡಿ. ಅವೆರಡು ಸೇರಿ ಅರ್ಧ ಗಂಟೆಯ ಕೆಲಸ. ಬೊಲೊನ್ಯಾದಿಂದ ಬೆಳಗಿನ ರೈಲು ಹಿಡಿದು ನಿಯೋನಿಯನ್‌ಗೆ ಹತ್ತು ಗಂಟೆಯ ಹೊತ್ತಿಗೆ, ಗಾಲಾ ಪ್ಲಾಚಿಡಿಯಾಕ್ಕೆ ಮಧ್ಯಾಹ್ನ ಮೂರರ ಹೊತ್ತಿಗೆ ಸಮಯ ಕಾಯ್ದಿರಿಸಿ. ನಡುವೆ ಏರಿಯನ್ ಬ್ಯಾಪ್ಟಿಸ್ಟರಿ, ಸಾಂತ್ ಅಪೊಲಿನಾರೆ ನುವೊವೊ, ಊಟ. ಕೊನೆಗೆ ಸಾನ್ ವಿತಾಲೆ. ದಾಂತೆ ಸಮಾಧಿ ಹೇಗೂ ದಾರಿಯಲ್ಲೇ ಸಿಗುತ್ತದೆ. ವಾಪಸ್ ರೈಲಿನ ವೇಳೆಯನ್ನು ಬೆಳಿಗ್ಗೆ ಇಳಿದಾಗಲೇ ನೋಡಿಟ್ಟುಕೊಳ್ಳಿ. ಭಾನುವಾರ ಮತ್ತು ರಜಾ ದಿನಗಳಲ್ಲಿ ಪ್ರಾದೇಶಿಕ ರೈಲುಗಳು ಕಡಿಮೆ.